ಭೂಗೋಳದ ಮಾಸ್ತರರ ಅಂಗಾಲು

ಕಳೆದ ಮೂರು ವರ್ಷಗಳಲ್ಲಿ ನನ್ನ ಗಂಡನ ಮುಖಕ್ಕಿಂತ ಅವರ ಅಂಗಾಲನ್ನೇ ನಾನು ಹೆಚ್ಚು ನೋಡಿದ್ದೇನೆ. ಸಂಜೆ ದೇವರ ಮುಂದೆ ದೀಪ ಹಚ್ಚಿ, ಕುಕ್ಕರ್ ಒಲೆಯ ಮೇಲಿಟ್ಟು, ಅದು ಮೂರು ಸೀಟಿ ಹೊಡೆಯುವುದರೊಳಗೆ ಅವರ ಎರಡೂ ಕಾಲನ್ನು ತೊಡೆಯ ಮೇಲೆ ತೆಗೆದುಕೊಳ್ಳುತ್ತೇನೆ. ಹಿಮ್ಮಡಿ, ಬೆರಳಸಂದು, ಉಗುರಿನ ಅಂಚು, ಎಲ್ಲವನ್ನೂ ನೋಡಿ ಗೋಡೆಯ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಒಂದು ಸಣ್ಣ ಗೀಟು ಎಳೆಯುತ್ತೇನೆ. ಗೀಟು ಇದ್ದರೆ ಕಾಲು ಚೆನ್ನಾಗಿದೆ ಎಂದರ್ಥ.

ಅವರಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಕಾಲಿನ ನರಗಳು ಸತ್ತು ಪಾದಕ್ಕೆ ಬಿಸಿ, ತಂಪು, ನೋವು ಯಾವುದೂ ತಿಳಿಯುವುದಿಲ್ಲ. ಅದು ನಮಗೆ ಗೊತ್ತಾದದ್ದು ಒಂದು ಮೊಳೆಯಿಂದ. ಅವರು ಹೈದರಾಬಾದಿನ ದಿಲ್‌ಸುಖ್‌ನಗರದ ಶಾಲೆಯೊಂದರಲ್ಲಿ ಭೂಗೋಳದ ಮಾಸ್ತರರಾಗಿದ್ದರು. ಒಂದು ದಿನ ಐದು ಪೀರಿಯಡ್ ನಿಂತು ಪಾಠ ಮಾಡಿ, ಎರಡು ಬಸ್ಸು ಬದಲಿಸಿ, ತಾರ್ನಾಕದ ನಮ್ಮ ಮನೆಯ ಎರಡು ಮಹಡಿ ಹತ್ತಿ ಬಂದರು. ಬಾಗಿಲಿನಿಂದ ಅಡುಗೆಮನೆಯವರೆಗೆ ನೆಲದ ಮೇಲೆ ಕೆಂಪು ಹೆಜ್ಜೆ ಮೂಡಿತ್ತು.

"ರೀ, ಎಲ್ಲಿ ಕುಂಕುಮ ತುಳದ್ ಬಂದೀರಿ?" ಎಂದೆ.

ಅವರು ಹಿಂದಿರುಗಿ ನೋಡಿ, "ಯಾರ ಹೆಜ್ಜಿ ಇವು?" ಎಂದರು.

ಚಪ್ಪಲಿಯನ್ನು ತೂರಿ ಬಂದ ಮೊಳೆಯ ಗಾಯ ಮಾಯಲು ಎಂಟು ತಿಂಗಳು ಹಿಡಿಯಿತು. ಬಲಗಾಲಿನ ಕಿರುಬೆರಳು ಆಸ್ಪತ್ರೆಯಲ್ಲೇ ಉಳಿಯಿತು. ಹಿಮಾಯತ್‌ನಗರದಲ್ಲಿ ನಾವು ತೋರಿಸುವ ಡಾಕ್ಟರಮ್ಮ ಅಂದು ಹಾಕಿದ ಕಟ್ಟಳೆ ಎಂದರೆ, ಬರಿಗಾಲು ನೆಲಕ್ಕೆ ತಾಗಬಾರದು. ಮನೆಯೊಳಗೂ ಇಲ್ಲ, ಬಚ್ಚಲಲ್ಲೂ ಇಲ್ಲ. ಅಂದಿನಿಂದ ಇವರು ಗುಡಿಯ ಒಳಗೆ ಹೋಗುವುದನ್ನೇ ಬಿಟ್ಟರು. ಹೊರಗೆ ಚಪ್ಪಲಿಯ ರಾಶಿಯ ಪಕ್ಕ ನಿಂತು ಕೈಮುಗಿಯುವರು. ಕಾಲಚೀಲ ಹಾಕಿಕೊಂಡು ಬನ್ನಿ ಎಂದರೆ ಒಪ್ಪರು.

"ಕಾಲಚೀಲದಾಗ ದೇವರ ಮುಂದ ನಿಂತ್ರ ನಮ್ಮವ್ವ ಮ್ಯಾಲಿಂದ ಇಳದ್ ಬಂದು ಬಡಿತಾಳ," ಎನ್ನುವರು.

ಅವರು ನಿವೃತ್ತರಾದದ್ದು ಹೋದ ವರ್ಷ. ಮೂವತ್ತು ವರ್ಷ ಕೋಲು ಹಿಡಿದು ನಕ್ಷೆಯ ಮೇಲೆ ಜಗತ್ತನ್ನೆಲ್ಲ ತೋರಿಸಿದ ಮನುಷ್ಯ ಒಮ್ಮೆಯೂ ದೇಶದ ಗಡಿ ದಾಟಿರಲಿಲ್ಲ. ಮನೆಯಲ್ಲಿ ಕೂತ ಎರಡನೆಯ ವಾರವೇ ಶುರುವಾಯಿತು: "ಶ್ರೀಲಂಕಾಕ್ಕ ಹೋಗೂಣು. ಭಾಳ ದೂರ ಇಲ್ಲ. ಕಾಲು ಚಾಚಿದ್ರ ಸಿಗತೈತಿ."

"ಅದ ಕಾಲಿನ ಸಲುವಾಗಿ ಬ್ಯಾಡ ಅನ್ನಾಕತ್ತೀನಿ," ಎಂದೆ.

ಡಾಕ್ಟರಮ್ಮ ಬೇಡ ಎನ್ನುತ್ತಾರೆಂದು ನಂಬಿಯೇ ಅವರನ್ನು ಕರೆದುಕೊಂಡು ಹೋದೆ. ಆದರೆ ಆಕೆ ನಕ್ಕು, ತೆಲುಗಿನಲ್ಲಿ, ಹೋಗಿ ಬನ್ನಿ ಎಂದುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ಮುಖ ಗಂಭೀರ ಮಾಡಿದರು. ಇನ್ನೊಂದು ಗಾಯವಾದರೆ ಬೆರಳಿಗೆ ನಿಲ್ಲುವುದಿಲ್ಲ, ಪಾದವೇ ಹೋದೀತು ಎಂದರು. ಬಾಗಿಲವರೆಗೂ ಬಂದು "ಮಾಸ್ಟಾರೂ, ಕಾಳ್ಳು ಜಾಗ್ರತ್ತ," ಎಂದರು. ಕಾಲು ಜೋಪಾನ ಎನ್ನಲು ತೆಲುಗಿನಲ್ಲಿ ಅಷ್ಟೇ ಮಾತು ಸಾಕು. ನನಗಂತೂ ಅಂದು ರಾತ್ರಿ ಊಟ ಸೇರಲಿಲ್ಲ.

ಆದರೆ ಕೆಲಸ ಹಿಡಿದ ಮೇಲೆ ಹೆದರಿಕೆಗೆ ಪುರಸೊತ್ತು ಸಿಗುವುದಿಲ್ಲ. ಹೊಸ ಬೂಟನ್ನು ಹೊರಡುವ ಒಂದು ತಿಂಗಳು ಮೊದಲೇ ಕೊಂಡೆವು. ಹೊಸ ಬೂಟು ಕಚ್ಚಿದರೂ ಇವರಿಗೆ ತಿಳಿಯುವುದಿಲ್ಲವಲ್ಲ. ಮೊದಲ ದಿನ ಅರ್ಧ ತಾಸು, ಮರುದಿನ ಒಂದು ತಾಸು, ಹೀಗೆ ಬೆಳಿಗ್ಗೆ ಮನೆಯ ಹತ್ತಿರದ ಯೂನಿವರ್ಸಿಟಿಯ ಮರಗಳ ಕೆಳಗೆ ನಡೆಸಿ, ಕಟ್ಟೆಯ ಮೇಲೆ ಕೂರಿಸಿ, ಬೂಟು ಬಿಚ್ಚಿ ನೋಡುವೆ. ವಾಕಿಂಗಿಗೆ ಬಂದವರು ನನ್ನನ್ನು ಬೂಟಿನ ಅಂಗಡಿಯವಳೆಂದು ತಿಳಿದಿರಬೇಕು. ಇನ್ಸುಲಿನ್ನನ್ನು ಎರಡು ಪಾಲು ಮಾಡಿ, ಒಂದನ್ನು ನನ್ನ ಕೈಚೀಲದಲ್ಲಿ, ಇನ್ನೊಂದನ್ನು ಅವರದರಲ್ಲಿ ತಂಪು ಡಬ್ಬಿಯೊಳಗೆ ಇಟ್ಟೆ. ಒಂದು ಚೀಲ ಕಳೆದರೂ ಇನ್ನೊಂದು ಇರುತ್ತದೆ. ಜೊತೆಗೆ ಡಾಕ್ಟರಮ್ಮನ ಚೀಟಿ, ಹತ್ತಿಬಟ್ಟೆ, ಸಕ್ಕರೆ ಇಳಿದರೆ ಬಾಯಿಗೆ ಹಾಕಲು ಗ್ಲುಕೋಸ್, ಸೊಳ್ಳೆಗೆ ಹಚ್ಚುವ ಮುಲಾಮು. ಹೊತ್ತಿಗೆ ಊಟ ಸಿಗದಿದ್ದರೆ ಇರಲಿ ಎಂದು ಜೋಳದ ಖಡಕ್ ರೊಟ್ಟಿಯ ಒಂದು ಕಟ್ಟು, ಶೇಂಗಾ ಹಿಂಡಿ. ಇವರು ಪಕ್ಕದಲ್ಲಿ ನಿಂತು, "ತಿರಗ್ಯಾಡಾಕ ಹೊಂಟೇವೊ, ದವಾಖಾನಿ ತಗಿಯಾಕ ಹೊಂಟೇವೊ?" ಎಂದು ಚುಚ್ಚಿದರು.

"ತಗದ್ರ ಮೊದಲ ಪೇಷಂಟ್ ನೀವ," ಎಂದೆ.

ಕೊಲಂಬೊದಲ್ಲಿ ವ್ಯಾನಿನವನೊಬ್ಬ ನಮಗಾಗಿ ಕಾದಿದ್ದ. ಪುಟ್ಟ ಮೀಸೆಯ, ಸದಾ ನಗುವ ಸಿಂಹಳಿ ಮನುಷ್ಯ; ತುಂಡು ತುಂಡು ಇಂಗ್ಲಿಷಿನಲ್ಲಿ ಮಾತು. ಮೊದಲ ಮೂರು ದಿನ ಹಬ್ಬದಂತೆ ಕಳೆದವು. ಮುಚ್ಚಳ ಒಡೆಯದ ಬಾಟಲಿಯ ನೀರು ಮಾತ್ರ ಕುಡಿದೆವು, ಹಲ್ಲುಜ್ಜಲೂ ಅದೇ. ರಸ್ತೆಬದಿಯ ಜ್ಯೂಸಿಗೆ ಇವರು ಕೈ ಚಾಚಿದಾಗ ನಾನು ಕಣ್ಣು ಬಿಟ್ಟೆ. ಎಳನೀರು ಕೊಟ್ಟೆ, ಅದೂ ಅರ್ಧ. ಗೋಡೆಯ ಕ್ಯಾಲೆಂಡರಿನ ಆ ತಿಂಗಳ ಹಾಳೆಯನ್ನೇ ಹರಿದು ತಂದಿದ್ದೆ. ಮೂರು ಗೀಟು ಬಿದ್ದವು.

ನಾಲ್ಕನೆಯ ದಿನ ಅನುರಾಧಪುರ. ಅಲ್ಲಿ ಬೆಟ್ಟದಷ್ಟು ದೊಡ್ಡ ಬಿಳಿಯ ಸ್ತೂಪ, ಸುತ್ತ ವಿಶಾಲವಾದ ಕಲ್ಲಿನ ಅಂಗಳ. ಬೆಳಿಗ್ಗೆ ಎಂಟಕ್ಕೇ ಮುಟ್ಟಬೇಕೆಂದು ನಾನು ಲೆಕ್ಕ ಹಾಕಿದ್ದೆ. ಮುಟ್ಟಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ದಾರಿಯಲ್ಲಿ ಸಿಕ್ಕ ಪ್ರತಿ ಹಳೆಯ ಕೆರೆಯ ಏರಿಯ ಮೇಲೂ ಮಾಸ್ತರರು ವ್ಯಾನು ನಿಲ್ಲಿಸಿ, ಮಳೆಯ ಗಾಳಿ ಯಾವ ದಿಕ್ಕಿನಿಂದ ಬರುತ್ತದೆ, ಈ ಕಡೆ ನೆಲ ಯಾಕೆ ಒಣಗಿದೆ ಎಂದು ಆ ದೇಶದ ಭೂಗೋಳವನ್ನು ಆ ದೇಶದವನಿಗೇ ಪಾಠ ಮಾಡಿದ್ದರು. ಅವನೂ ಪಾಪ, "ಯೆಸ್ ಸರ್, ಯೆಸ್ ಸರ್," ಎಂದು ಕೇಳಿದ.

ಅಲ್ಲಿ ಚಪ್ಪಲಿ, ಟೋಪಿ ಎರಡನ್ನೂ ಹೊರಗೆ ಬಿಡಬೇಕು. ಕಾಲಚೀಲಕ್ಕೆ ಅಡ್ಡಿಯಿಲ್ಲ, ಬಿಸಿಲಿಗೆ ಎಲ್ಲರೂ ಹಾಕುತ್ತಾರೆ ಎಂದು ವ್ಯಾನಿನವನೇ ಹೇಳಿದ್ದ. ನಾನು ನನ್ನವನ್ನು ಹಾಕಿಕೊಂಡು, ದಪ್ಪನೆಯ ಬಿಳಿಯ ಜೋಡಿಯನ್ನು ಇವರ ಕೈಗೆ ಕೊಟ್ಟು, ತಾವರೆ ಹೂವು ತರಲು ನಾಲ್ಕು ಹೆಜ್ಜೆ ಆಚೆ ಹೋದೆ. ತಿರುಗಿ ಬಂದಾಗ ಬೆಂಚಿನ ಕೆಳಗೆ ಬೂಟು ಇತ್ತು. ಬೂಟಿನೊಳಗೆ ಕಾಲಚೀಲ ಮಡಿಸಿಟ್ಟ ಹಾಗೆಯೇ ಇತ್ತು.

ಅಂಗಳದ ಕಡೆ ನೋಡಿದೆ. ಬರಿಗಾಲಿನ ಮಕ್ಕಳು ಕಿರುಚುತ್ತ ಓಡುತ್ತಿದ್ದರು. ದೊಡ್ಡವರು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಜಿಗಿಯುತ್ತಿದ್ದರು. ಅವರೆಲ್ಲರ ನಡುವೆ ಒಬ್ಬರೇ ಒಬ್ಬರು, ಕೈಮುಗಿದುಕೊಂಡು, ಅಕ್ಕಿಯ ಮೇಲೆ ನಡೆಯುವ ಮದುಮಗನ ಹಾಗೆ ನಿಧಾನವಾಗಿ ಸ್ತೂಪಕ್ಕೆ ಸುತ್ತು ಹಾಕುತ್ತಿದ್ದರು. ಬಲಗಾಲಿನಲ್ಲಿ ನಾಲ್ಕೇ ಬೆರಳು.

ಹೂವು ಎಲ್ಲಿ ಬಿತ್ತೋ ತಿಳಿಯದು. ಅವರ ಕಾಲಚೀಲ ಎತ್ತಿಕೊಂಡು ಓಡಿದೆ. ನಾನು ಹಾಕಿಕೊಂಡಿದ್ದ ಕಾಲಚೀಲದ ಮೂಲಕವೇ ಕಲ್ಲು ಚುರ್ ಎಂದಿತು.

"ರೀ, ನಿಲ್ರಿ! ಬ್ಯಾಡ, ನಿಲ್ಲಬ್ಯಾಡ್ರಿ, ನೆರಳಿಗಿ ಬರ್ರಿ!"

ಅವರು ನಗುತ್ತ ತಿರುಗಿದರು. "ಏನಲೇ, ಇಲ್ಲಿ ಎಲ್ಲಾರೂ ಹಿಂಗ್ಯಾಕ ಕುಣಿಯಾಕತ್ತಾರ?"

ಹೆಗಲಚೀಲದಿಂದ ಟವೆಲ್ ಎಳೆದು ನಾಲ್ಕು ಮಡಿಕೆ ಮಾಡಿ ಅವರ ಕಾಲ ಕೆಳಗೆ ಹಾಸಿದೆ. ಅವರನ್ನು ಅದರ ಮೇಲೆ ನಿಲ್ಲಿಸಿಯೇ ಕಾಲಚೀಲ ತೊಡಿಸಿ, ತೋಳು ಹಿಡಿದು ಮರದ ಕೆಳಗೆ ಎಳೆತಂದೆ. ಹೂ ಮಾರುವ ಅಜ್ಜಿಯೊಬ್ಬಳು ಇವರಿಗೆ ಭಕ್ತಿಯಿಂದ ಕೈಮುಗಿದಳು. ವ್ಯಾನಿನವನು ಓಡಿ ಬಂದು, "ಸರ್ ವೆರಿ ಸ್ಟ್ರಾಂಗ್, ಮೇಡಂ! ಲೈಕ್ ಸ್ವಾಮಿ! ನೋ ಪೇನ್!" ಎಂದು ಬೆರಗಾದ. ಇವರು ಎದೆಯುಬ್ಬಿಸಿದರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಬಲಗಾಲಿನ ಹಿಮ್ಮಡಿಯಲ್ಲಿ ವೀಳ್ಯದೆಲೆಯಷ್ಟು ಅಗಲ ಕೆಂಪಾಗಿತ್ತು.

ಕಾಲು ತೊಳೆಯುವ ನಲ್ಲಿಯೊಂದು ಪಕ್ಕದಲ್ಲೇ ಇತ್ತು. ನಲ್ಲಿ ತಿರುಗಿಸಿದರೆ ಬಂದದ್ದು ಚಹಾ ಮಾಡುವಷ್ಟು ಬಿಸಿ ನೀರು. ಕೊಳವೆಯೂ ಬಿಸಿಲಲ್ಲಿ ಕಾದಿತ್ತು. ಅವರ ಪಾದವನ್ನು ಕೇಳಿ ಪ್ರಯೋಜನವಿಲ್ಲವಲ್ಲ, ನನ್ನ ಮೊಣಕೈಯನ್ನು ನೀರಿಗೆ ಒಡ್ಡಿ ನೋಡಿದೆ. ತಂಪಾಗುವವರೆಗೆ ನೀರು ಹರಿಯಬಿಟ್ಟು ಆಮೇಲೆ ಕಾಲು ಒಡ್ಡಿಸಿದೆ. ವ್ಯಾನಿನವನು ಡಬ್ಬಿಯಿಂದ ಐಸ್ ತಂದ. ಬೇಡವೆಂದೆ. ಮಂಜುಗಡ್ಡೆಯೂ ಸುಡುತ್ತದೆಂದು ಡಾಕ್ಟರಮ್ಮನ ನರ್ಸ್ ಒಮ್ಮೆ ಹೇಳಿದ್ದಳು.

"ಟೂತ್‌ಪೇಸ್ಟರೆ ಹಚ್ಚು. ನಮ್ಮ ಮನ್ಯಾಗ ಎಲ್ಲಾರೂ ಅದನ್ನ ಹಚ್ಚತಿದ್ರು," ಎಂದರು ಇವರು.

"ಬಾಯಿ ಮುಚ್ಚಿಕೊಂಡು ಕೂಡ್ರಿ. ಬೇಕಾದ್ರ ಅಲ್ಲಿ ಹಚ್ಚತೀನಿ."

ಪೂರ್ತಿ ಇಪ್ಪತ್ತು ನಿಮಿಷ ನೀರು ಬಿಟ್ಟೆ. ಬೆರಳಸಂದನ್ನು ಒರೆಸಿ, ಚಿತ್ರ ತೆಗೆದು ಡಾಕ್ಟರಮ್ಮನಿಗೆ ಕಳಿಸಿದೆ. ನಾವು ಇನ್ನೂ ಅಲ್ಲೇ ಇದ್ದಾಗ ಆಕೆಯ ಫೋನ್ ಬಂತು. ಚರ್ಮ ಒಡೆದಿಲ್ಲ, ಅದು ಪುಣ್ಯ. ಶುದ್ಧವಾದ ಬಟ್ಟೆ ಸಡಿಲವಾಗಿ ಕಟ್ಟಿ, ನಡೆಸಬೇಡಿ, ನಾಲ್ಕು ತಾಸಿಗೊಮ್ಮೆ ನೋಡಿ. ಗುಳ್ಳೆ ಎದ್ದರೆ ಅದನ್ನು ಒಡೆಯಬೇಡಿ, ಹೈದರಾಬಾದಿಗೆ ಬಂದು ತೋರಿಸುತ್ತೇವೆ ಎಂದು ಕಾಯಲೂಬೇಡಿ, ಅಲ್ಲಿನ ಆಸ್ಪತ್ರೆಗೆ ಆ ಕ್ಷಣವೇ ಹೋಗಿ. ಹತ್ತಿರದ ಆಸ್ಪತ್ರೆಯ ದಾರಿಯನ್ನು ವ್ಯಾನಿನವನಿಂದ ಕೇಳಿ ಬರೆದುಕೊಂಡೆ.

ಆ ಮಧ್ಯಾಹ್ನವೆಲ್ಲ ಹೋಟೆಲಿನ ಪಡಸಾಲೆಯಲ್ಲಿ ಅವರು ಎರಡು ಕಾಲನ್ನೂ ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ನಾಲ್ಕು ಗಂಟೆಗೆ ನೋಡಿದೆ. ಕೆಂಪು ಹಾಗೇ ಇತ್ತು, ಗುಳ್ಳೆ ಇರಲಿಲ್ಲ.

"ತಪ್ಪಾತು," ಎಂದರು ಮೆಲ್ಲಗೆ. ಆಮೇಲೆ ತಾವಾಗಿಯೇ ಹೇಳಿದರು, "ಮೂರು ವರ್ಷ ಆತು ನೆಲಾ ತುಳದು. ಹೊಸಾ ದೇಶದ ನೆಲಾ, ಒಮ್ಮೆ ತುಳದು ನೋಡೂಣು ಅನಿಸ್ತು. ಖರೇ ಹೇಳಲೇನು? ಏನೂ ತಿಳೀಲಿಲ್ಲ. ಹತ್ತಿ ಮ್ಯಾಲ ನಡದಂಗ ಆತು."

ಇಷ್ಟು ವರ್ಷದಲ್ಲಿ ಅವರು ಆ ಕಾಲಿನ ಬಗ್ಗೆ ನಗೆಚಾಟಿಕೆ ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು. ನನ್ನ ಸಿಟ್ಟು ಎಲ್ಲಿ ಹೋಯಿತೋ.

"ನನಗ ತಿಳೀತೈತಿ," ಎಂದೆ. "ಇನ್ನ ಮ್ಯಾಲ ನೆಲಾ ಹೆಂಗೈತಿ ಅಂತ ನನ್ನ ಕೇಳ್ರಿ."

ಮರುದಿನ ಬೆಳಕು ಹರಿದ ಕೂಡಲೆ ಕಿಟಕಿಯ ಪರದೆ ಸರಿಸಿ ಬಟ್ಟೆ ಬಿಚ್ಚಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. "ಹೆಂಗೈತಿ?" ಎಂದರು. ಗುಳ್ಳೆ ಇಲ್ಲ. ಕೆಂಪು ಹೋಗಿ ಗುಲಾಬಿಯಾಗಿತ್ತು. ನಾನು ಇನ್ನೊಮ್ಮೆ ನೋಡಿದೆ, ಬೆರಳಿನಿಂದ ಒತ್ತಿ ಮತ್ತೊಮ್ಮೆ ನೋಡಿದೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಗಟ್ಟಿಯಾಗಿ ನಕ್ಕೆ. ಆ ದಿನವೂ ಅವರನ್ನು ಕುರ್ಚಿಯಿಂದ ಏಳಗೊಡಲಿಲ್ಲ. ನೋಡಬೇಕೆಂದಿದ್ದ ಎರಡು ಊರು ಕೈಬಿಟ್ಟವು, ಬಿಡಲಿ. ಅದರ ಮರುದಿನ ಹಿಮ್ಮಡಿಯಲ್ಲಿ ಗುರುತೂ ಉಳಿದಿರಲಿಲ್ಲ. ಚಿತ್ರ ಕಳಿಸಿದೆ. ಡಾಕ್ಟರಮ್ಮ ಕಾಲಚೀಲ, ಬೂಟು ಹಾಕಿ ಮೆಲ್ಲಗೆ ನಡೆಸಿ ಎಂದರು.

ಹಿಂದಿರುಗುವ ಮುನ್ನ ಒಂದು ಬೆಳಿಗ್ಗೆ, ಕಲ್ಲು ಇನ್ನೂ ತಣ್ಣಗಿದ್ದ ಹೊತ್ತಿನಲ್ಲಿ, ಮತ್ತೆ ಆ ಸ್ತೂಪಕ್ಕೆ ಹೋದೆವು. ನಾನು ಹೇಳದೆಯೇ ಅವರು ಕಾಲಚೀಲ ಹಾಕಿಕೊಂಡರು. ಮೆಟ್ಟಿಲ ಬಳಿ ನಿಂತು, "ಕೈ ಇಟ್ಟು ನೋಡು," ಎಂದರು. ನಾನು ಕಲ್ಲಿನ ಮೇಲೆ ಅಂಗೈ ಊರಿದೆ. "ತಣ್ಣಗೈತಿ. ಸ್ವಲ್ಪ ಒರಟ ಐತಿ. ಇಬ್ಬನಿ ಬಿದ್ದೈತಿ," ಎಂದು ಒಂದೊಂದಾಗಿ ವರದಿ ಕೊಟ್ಟೆ. ಅವರು ಪಾಠ ಕೇಳುವ ಹುಡುಗನಂತೆ ತಲೆಯಾಡಿಸಿ ಒಳಗೆ ಕಾಲಿಟ್ಟರು. ಮೂರು ವರ್ಷದ ಮೇಲೆ ಮೊದಲ ಬಾರಿಗೆ ನನ್ನ ಗಂಡ ಹೊಸ್ತಿಲಾಚೆ ಉಳಿಯದೆ, ನನ್ನ ಪಕ್ಕದಲ್ಲೇ ನಡೆದು, ಪೂರ್ತಿ ಒಂದು ಸುತ್ತು ಬಂದರು. ಮೇಲಿಂದ ಯಾರೂ ಇಳಿದು ಬಡಿಯಲಿಲ್ಲ.

ಊರಿಗೆ ಬಂದ ಮೂರನೆಯ ದಿನ ಹಿಮಾಯತ್‌ನಗರಕ್ಕೆ ತೋರಿಸಲು ಹೋದೆವು. ಕಾಯುವ ಕೋಣೆಯಲ್ಲಿ ನಮ್ಮ ಮಾತು ಕೇಳಿ ಎದುರಿಗಿದ್ದವನೊಬ್ಬ, "ನಮ್ಮ ಕಡ್ಯಾವರೇನ್ರಿ ಅಕ್ಕಾರ?" ಎಂದ. ಯಾದಗಿರಿ ಕಡೆಯವನು, ಕಟ್ಟಡದ ಕೆಲಸದವನು. ಹಿಮ್ಮಡಿಗೆ ಹಳೆಯ ಟವೆಲಿನ ಚೂರು ಸುತ್ತಿತ್ತು.

"ಏನಾತಪಾ?" ಎಂದರು ಇವರು.

"ಏನೋ ಚುಚ್ಚೈತ್ರಿ. ಯಾವಾಗ ಅಂತ ಗೊತ್ತಿಲ್ಲ. ನೋವಿಲ್ಲ ಅಂತ ಹಂಗ ಬಿಟ್ಟಿದ್ನಿ."

ಮಾಸ್ತರರು ನೆಟ್ಟಗೆ ಕೂತರು. ಮನೆಗೆ ಬಂದ ನೆಂಟರೆದುರೂ ಪಂಚೆಯಲ್ಲಿ ಆ ಕಾಲು ಮುಚ್ಚಿಕೊಳ್ಳುತ್ತಿದ್ದವರು, ಕೋಣೆ ತುಂಬ ಜನರಿದ್ದರೂ ಬೂಟು, ಕಾಲಚೀಲ ಬಿಚ್ಚಿ, ಪಾದವನ್ನು ತಮ್ಮ ಮೊಣಕಾಲ ಮೇಲೆ ಏರಿಸಿದರು. "ಇಲ್ಲಿ ನೋಡು. ಒಂದು ಬೆರಳ ಹೋಗೈತಿ. ಅದೂ ನೋವು ತಿಳೀದ ಮೊಳಿ ಮ್ಯಾಲ ನಡದಿದ್ದಕ್ಕ. ಉಳದಿದ್ದು ಶ್ರೀಲಂಕಾ ನೋಡಿ ಬಂದೈತಿ. ನೋವಿಲ್ಲ ಅಂದ್ರ ಅವಾಗ ಹೆದರಬೇಕು, ತಿಳೀತೇನು? ದಿನಾ ನೋಡಬೇಕು. ಮನ್ಯಾಗ ಯಾರದಾರ?"

"ಹೆಂಡ್ತಿ ಅದಾಳ್ರಿ."

"ಹಂಗಾರ ಆಕಿ ಕೈಯಾಗ ಕಾಲು ಕೊಡು. ನಾಚಬ್ಯಾಡ."

ಹೊರಗಿನ ಗದ್ದಲಕ್ಕೆ ಡಾಕ್ಟರಮ್ಮ ಬಾಗಿಲು ತೆರೆದು ಬಂದರು. ಮೊಣಕಾಲ ಮೇಲಿದ್ದ ಪಾದವನ್ನು ಕಂಡು ಅಲ್ಲಿಯೇ ಬಗ್ಗಿ, ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ, ಬೆರಳಸಂದುಗಳನ್ನು ಬಿಡಿಸಿ ನೋಡಿದರು. "ಫಸ್ಟ್ ಕ್ಲಾಸ್, ಮಾಸ್ಟಾರೂ," ಎಂದು ನನ್ನ ಭುಜ ತಟ್ಟಿ, ಒಳಗೆ ಬನ್ನಿ ಎಂದರು.

ಇವರು ಏಳಲಿಲ್ಲ. ಯಾದಗಿರಿಯವನ ತೋಳು ಹಿಡಿದು ಎಬ್ಬಿಸುತ್ತ ನನಗೆ ಹೇಳಿದರು, "ನಮ್ಮದೇನೂ ಅವಸರಿಲ್ಲ ಅಂತ ಡಾಕ್ಟರಮ್ಮಗ ತೆಲುಗಿನ್ಯಾಗ ಹೇಳು. ಮೊದಲ ಇವನ ಕಾಲು ನೋಡ್ಲಿ."