ನೀಲ್ ಮೂಗು ಮುಚ್ಚಿಕೊಂಡ ಊಟ

ಸ್ಟಾಕ್‌ಹೋಮಿನ ಸೋಲ್ನಾದ ಟ್ರಾಮ್ ನಿಲ್ದಾಣದ ಪಕ್ಕದ ಪುಟ್ಟ ಫಿಲಿಪ್ಪೀನೋ ಹೋಟೆಲಿಗೆ ಜಾಸ್ಮಿನಳನ್ನು ಊಟಕ್ಕೆ ಕರೆದವನು ನೀಲ್. ಮನೆಯವರು ನೋಡಿದ ಹುಡುಗ. 2016ರಲ್ಲಿ ಅಮೆರಿಕದಿಂದ ಸ್ಟಾಕ್‌ಹೋಮಿಗೆ ಬಂದಿದ್ದ. ಜಾಸ್ಮಿನ್ ಆರು ವರ್ಷದಿಂದ ಅಲ್ಲಿನ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ದುಡಿಯುತ್ತಿದ್ದಳು. ತೆರೆದ ಬಾಯಿಗಳನ್ನು ಸಹಿಸಿಕೊಳ್ಳುವುದು ಅವಳಿಗೆ ದಿನದ ಕೆಲಸ.

ಮೆನು ಮುಟ್ಟುವ ಮೊದಲೇ ನೀಲ್ ಪಾಠ ಶುರುಮಾಡಿದ. "ಚಿಕಾಗೋದಲ್ಲಿ ತಿಂದಿದ್ದೀನಲ್ಲ, ಅದು ಅಥೆಂಟಿಕ್. ಇಲ್ಲಿರೋರಿಗೆ ಏನ್ ಗೊತ್ತು?" ಅಡುಗೆ ಮಾಡುವ ಲೂಸ್ ಎಂಬ ಹೆಂಗಸನ್ನು ಕರೆದು, ಅವಳ ಮನೆಯವರು ತಿನ್ನುವುದನ್ನೇ ಬಡಿಸಬೇಕೆಂದು ಇಂಗ್ಲಿಷಿನಲ್ಲಿ ಅಪ್ಪಣೆ ಕೊಟ್ಟ.

ಆಕೆ ತಂದದ್ದು ಬೆಳ್ಳುಳ್ಳಿ ಅನ್ನ, ಹುರಿದ ಒಣಮೀನು, ಒಂದು ಬಟ್ಟಲು ವಿನೆಗರ್. ನೀಲ್ ಮೂಗಿಗೆ ಕರವಸ್ತ್ರ ಹಿಡಿದ. "ಛೀ, ಏನ್ ವಾಸನೆ! ತಗೊಂಡು ಹೋಗೋಕೆ ಹೇಳಿ."

ಅವನಪ್ಪ ಮಲ್ಪೆಯಲ್ಲಿ ಒಣಮೀನು ಮಾರಿಯೇ ಮಗನನ್ನು ಓದಿಸಿದ್ದೆಂದು ತನ್ನಮ್ಮ ಹೊಗಳಿದ್ದು ಜಾಸ್ಮಿನಳಿಗೆ ನೆನಪಾಯಿತು. ಅಲ್ಲಿಯವರೆಗೆ ಅವಳಿಗೆ ಬರೀ ಬೇಸರವಿತ್ತು. ಈಗ ಅವನ ಮುಖ ನೋಡಲೂ ಹೇಸಿಗೆಯಾಯಿತು.

"ಈ ವಾಸನೆ ನಿಮ್ಮನೇಲಿ ಇರ್ಲಿಲ್ವಾ?" ಎಂದಳು.

ನೀಲ್ ಸುತ್ತಮುತ್ತ ಕಣ್ಣಾಡಿಸಿದ. "ಸ್ವಲ್ಪ ಮೆಲ್ಲಗೆ ಮಾತಾಡಿ. ಕನ್ನಡದೋರು ಯಾರಾದ್ರೂ ಇರ್ತಾರೆ."

ಅವಳು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಸಾವಕಾಶವಾಗಿ, ಕೈಯಲ್ಲೇ ಉಂಡಳು. ಅವನು ಮೊಬೈಲಿನಲ್ಲಿ ಹೋಟೆಲಿಗೆ ಎರಡು ಸ್ಟಾರ್ ಕೊಡುತ್ತಿದ್ದಾಗ ಅಮ್ಮನಿಗೆ ಫೋನ್ ಮಾಡಿದಳು.

"ಈ ಸಂಬಂಧ ಬೇಡಮ್ಮ. ಇವರಿಗಿಂತ ಇವರಪ್ಪನೇ ಎಷ್ಟೋ ವಾಸಿ."

ಅದನ್ನವಳು ಇಡೀ ಹೋಟೆಲಿಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದಳು.