ಸದರಿ ರಾಕ್ಷಸ

ಕರೆಂಟ್ ಹೋಯಿತೆಂದರೆ ಬೀದಿಯ ಮಕ್ಕಳೆಲ್ಲ ಹೋ ಎಂದು ಕುಣಿಯುತ್ತಿದ್ದ ಕಾಲ ಅದು. ತೊಂಬತ್ತರ ದಶಕದ ನಂಜನಗೂಡು. ಸೀಮೆಎಣ್ಣೆ ಬುಡ್ಡಿಯ ವಾಸನೆ, ಒಳಗೆ ಅವ್ವನ ಹುರುಳಿಕಾಳು ಬಸ್ಸಾರಿನ ಘಮ, ಜಗುಲಿಯ ಮೇಲೆ ಅಪ್ಪ. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಹಗಲೆಲ್ಲ ತುಟಿ ಬಿಚ್ಚದವರು, ಕತ್ತಲಾದರೆ ರಾಕ್ಷಸನ ಕಥೆ ಹೇಳುತ್ತಿದ್ದರು. ನರಸೀಪುರದ ಸಂಗಮದ ಮಡುವಿನಲ್ಲಿ ಮಲಗಿದ್ದ ಆ ರಾಕ್ಷಸ ರಸಬಾಳೆಯ ವಾಸನೆ ಹಿಡಿದು, ಕಪಿಲೆಯೊಳಗೇ ನಡೆದುಕೊಂಡು ನಮ್ಮೂರಿಗೆ ಬರುತ್ತಿದ್ದ. ನೀರು ಅವನ ಮೊಣಕಾಲಿಗೂ ಮುಟ್ಟುತ್ತಿರಲಿಲ್ಲ. ಅವನು ಎಸೆದ ಸಿಪ್ಪೆಗೆ ಸೇತುವೆಯ ಮೇಲೆ ರೈಲೇ ಜಾರುತ್ತಿತ್ತು. ಅಷ್ಟರಲ್ಲಿ ಕರೆಂಟ್ ಬಂದರೆ ಅಪ್ಪ ಕಥೆ ನಿಲ್ಲಿಸಿ ಎದ್ದುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಏಳನೇ ಕ್ಲಾಸಿನ ಬೇಸಿಗೆ ರಜೆಗೆ ನರಸೀಪುರದ ಅತ್ತೆಯ ಮನೆಗೆ ಹೋಗಿದ್ದೆ. ಅಪ್ಪನ ಅಕ್ಕ, ಇಂಗ್ಲಿಷ್ ಟೀಚರ್. ಒಬ್ಬ ಬ್ರಿಟಿಷ್ ಲೇಖಕನ ದಪ್ಪ ಪುಸ್ತಕವನ್ನು ಸಂಜೆಸಂಜೆ ಕನ್ನಡ ಮಾಡಿ ಹೇಳುತ್ತಿದ್ದರು. ಮಾತಾಡುವ ಬೆಟ್ಟ, ಗಡ್ಡ ಬಿಟ್ಟ ಮೀನು, ಇಂಥವೇ. ನನಗೆ ಹಿಡಿಸಿದ್ದು ಮಾತ್ರ ಹಿಂಬದಿಯ ಫೋಟೊ, ಅದರ ಕೆಳಗಿದ್ದ ಅವನ ಜೀವನದ ನಾಲ್ಕು ಸಾಲು. ಆ ಮನುಷ್ಯ ತನ್ನೂರಿನ ತೆರಿಗೆ ಕಚೇರಿಯಲ್ಲಿ ಗುಮಾಸ್ತನಾಗಿದ್ದನಂತೆ. ಮಕ್ಕಳಿಗೆ ಹೇಳುತ್ತಿದ್ದ ಕಥೆಗಳನ್ನೇ ಅಡುಗೆಮನೆಯ ಮೇಜಿನ ಮೇಲೆ ಬರೆದನಂತೆ. ಪುಸ್ತಕ ಹೆಸರು ಮಾಡಿದ ಮೇಲೆ ಕೆಲಸ ಬಿಟ್ಟನಂತೆ.

“ನಿಮ್ಮಪ್ಪ ಏನ್ ಕಮ್ಮಿ ಕಣವ್ವ? ಕೂರ್ಸಿ ಬರೆಸು,” ಎಂದರು ಅತ್ತೆ.

ಅಷ್ಟು ಸಾಕಾಯಿತು. ಊರಿಗೆ ಬಂದವಳೇ ಅಪ್ಪನ ಬೆನ್ನು ಬಿದ್ದೆ. ಇವತ್ತು ಸುಸ್ತು, ನಾಳೆ ಜಮಾಬಂದಿ, ನಾಡಿದ್ದು ಸಾಹೇಬರ ಕ್ಯಾಂಪು ಎಂದು ನುಣುಚಿಕೊಂಡರು. ಅಪ್ಪನ ಫೋಟೊ ಪುಸ್ತಕದ ಹಿಂದೆ ಬರಲೇಬೇಕಿತ್ತು ನನಗೆ. ಗೆಳತಿಯರ ಹತ್ತಿರ ಆಗಲೇ ಜಂಬ ಕೊಚ್ಚಿಯೂ ಆಗಿತ್ತು. ಊಟ ಬಿಟ್ಟು ಹಟ ಹಿಡಿದ ಮೇಲೆ, ಒಂದು ಭಾನುವಾರ ಬಿಳಿ ಹಾಳೆ ಹಿಡಿದು ಕೂತರು. ಬರೆದು ಮುಗಿಸಿದ್ದೇ ತಡ, ಕಸಿದುಕೊಂಡು ಓದಿದೆ.

‘ಸದರಿ ರಾಕ್ಷಸನು ಸಂಗಮದಿಂದ ಹೊರಟು ನಂಜನಗೂಡು ಕಸಬಾ ಹೋಬಳಿಗೆ ಬಂದಿರುತ್ತಾನೆ. ರಾಕ್ಷಸನು ನಿಂತ ಸ್ಥಳದ ಚೆಕ್ಕುಬಂದಿ: ಪೂರ್ವಕ್ಕೆ ರೈಲು ಸೇತುವೆ, ಪಶ್ಚಿಮಕ್ಕೆ ಸರ್ಕಾರಿ ಖರಾಬು, ಉತ್ತರಕ್ಕೆ ಹೊಳೆ, ದಕ್ಷಿಣಕ್ಕೆ ಬಾಳೆತೋಟ. ಸದರಿಯವನು ಬಾಳೆಗೊನೆಗಳನ್ನು ಭಕ್ಷಿಸಿರುವುದು ಮೇಲ್ನೋಟಕ್ಕೆ ಕಂಡುಬಂದಿರುತ್ತದೆ.’

ಈಗ ಹೇಳಿದರೆ ಎಲ್ಲರೂ ನಗುತ್ತಾರೆ. ನನಗೆ ಅವತ್ತು ಅಳುವೇ ಬಂತು. ಸಿಪ್ಪೆ ಎಲ್ಲಿ, ಜಾರಿದ ರೈಲೆಲ್ಲಿ ಎಂದು ಕೂಗಾಡಿದೆ.

“ಬರಿಯೋಕ್ ಕೂತ್ರೆ ಕೈ ಆಫೀಸ್ಗೆ ಒಂಟೋಯ್ತದೆ ಕಣವ್ವ,” ಎಂದರು ಅಪ್ಪ. ಅವರ ಮುಖವೂ ಸಪ್ಪಗಾಗಿತ್ತು.

ಹಾಗಾದರೆ ನೀವು ಹೇಳಿ, ನಾನೇ ಬರೆದುಕೊಳ್ಳುತ್ತೇನೆ ಎಂದೆ. ನನ್ನ ಕೈಯಲ್ಲಿ ಪೆನ್ನು ಕಂಡದ್ದೇ ಸಾಹೇಬರ ಮುಂದೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿದರು, ಗಂಟಲು ಸರಿಮಾಡಿಕೊಂಡರು, ಮತ್ತೆ ಅದೇ ಸದರಿ ರಾಕ್ಷಸ. ಕತ್ತಲಲ್ಲಾದರೆ ಕಥೆ ಹೊಳೆಯಂತೆ ಹರಿಯುತ್ತಿತ್ತು, ಆದರೆ ಕತ್ತಲಲ್ಲಿ ನಾನು ಬರೆಯುವುದಾದರೂ ಹೇಗೆ? ಮುಂದೆ ಕಾಲೇಜಿನಲ್ಲಿದ್ದಾಗ ಟೇಪ್ ರೆಕಾರ್ಡರ್ ತಂದಿಟ್ಟೂ ನೋಡಿದೆ. ಕೆಂಪು ದೀಪ ಹತ್ತಿದ್ದನ್ನು ನೋಡಿ ಕೆಮ್ಮಿ ಎದ್ದುಬಿಟ್ಟರು. ಥೂ, ಇವರ ಸಹವಾಸವೇ ಬೇಡ ಎಂದು ಎತ್ತಿಟ್ಟೆ.

ಈಗ ಅಪ್ಪ ಇಲ್ಲ. ಮನೆಗೆ ಯುಪಿಎಸ್ ಬಂದಿದೆ, ಕರೆಂಟ್ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಆ ಬ್ರಿಟಿಷ್ ಲೇಖಕನ ಪುಸ್ತಕಗಳೆಲ್ಲ ನನ್ನ ಕಪಾಟಿನಲ್ಲಿವೆ. ಅವನು ಎಲ್ಲಿ ಓದಿದ, ಯಾವ ನಾಯಿ ಸಾಕಿದ, ಎಲ್ಲ ಬಲ್ಲೆ. ಮಗಳಿಗೆ ಅಜ್ಜನ ಕಥೆ ಹೇಳಲು ಕೂತರೆ ಮಾತ್ರ ರೈಲು ಜಾರುವ ತನಕ ಬಂದು ನಿಂತುಬಿಡುತ್ತದೆ. ರಾಕ್ಷಸ ಸಂಗಮಕ್ಕೆ ವಾಪಸ್ ಹೇಗೆ ಹೋದ ಎಂದು ಅವಳು ಪೀಡಿಸುತ್ತಾಳೆ. ಅಪ್ಪ ಹೇಳಿದ್ದರು, ಎಷ್ಟೋ ಸಲ ಹೇಳಿದ್ದರು. ಎಷ್ಟು ತಲೆ ಕೆರೆದುಕೊಂಡರೂ ನನಗೆ ನೆನಪಾಗುವುದು ಆ ಚೆಕ್ಕುಬಂದಿ ಒಂದೇ.