ಸುಣ್ಣ ಬಳಿಯದ ಗೋಡೆ

ತೂಬಗೆರೆ ಕಡೆಯ ನಮ್ಮೂರಿನಲ್ಲಿ ಒಬ್ಬರು ನೀರುಗಂಟಿ ಇದ್ದರು. ನಲ್ಲಿ ನೀರು ಬಿಡಲು ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ ಸದಾ ಅವರ ಹೆಗಲ ಮೇಲಿರುತ್ತಿತ್ತು. ಚಪ್ಪಲಿ ಸವೆಯಲಿ, ಸೈಕಲ್ಲು ತುಕ್ಕು ಹಿಡಿಯಲಿ, ಅವರದು ಒಂದೇ ಮಾತು: "ಹಳೇದು ಇರ್ಲಿ ಬಿಡಪ್ಪಾ."

ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆದರೂ ಗೋಡೆಯ ಮೇಲೆ ಅಕ್ಷರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ಕಡೆ ಇಲ್ಲ. ಸರ್ಕಾರದ ದುಡ್ಡು ಯಾವ ಕೆಲಸಕ್ಕೆ ಎಂಬ ಪಟ್ಟಿಯನ್ನು ಪಂಚಾಯ್ತಿ ಗೋಡೆಗೆ ಪ್ರತಿ ವರ್ಷ ಬರೆಯುತ್ತಿದ್ದವನು ನಾನೇ. ಹಳೆಯದಕ್ಕೆ ಸುಣ್ಣ ಬಳಿದು ಹೊಸದು ಬರೆಯುವುದು ಪದ್ಧತಿ.

ಹಿಂದಿನ ವರ್ಷದ ಪಟ್ಟಿಯಲ್ಲಿ ಮೊದಲ ಸಾಲು ಅಂಗನವಾಡಿ ಸೂರಿನ ರಿಪೇರಿ. ಅದು ಆಗಲೇ ಇಲ್ಲ. ಹೊಸ ಪಟ್ಟಿಯಲ್ಲಿ ಅದರ ಹೆಸರೂ ಇರಲಿಲ್ಲ. ಕಾಂಕ್ರೀಟ್ ರಸ್ತೆ, ಊರ ಮುಂದಕ್ಕೊಂದು ಕಮಾನು ಇದ್ದವು. ನಾನು ಸುಣ್ಣದ ಬಕೆಟ್ ಇಳಿಸುತ್ತಿದ್ದಂತೆ ನೀರುಗಂಟಿ ಬಂದು ಅಂಗನವಾಡಿಯ ಸಾಲಿಗೆ ಬೆನ್ನು ಕೊಟ್ಟು ನಿಂತರು.

"ಹಳೇದು ಇರ್ಲಿ ಬಿಡಪ್ಪಾ."

"ಪಂಚಾಯ್ತಿ ಮೆಂಬರ್ರು ಸುಮ್ನಿರಲ್ಲ ಯಜಮಾನ್ರೇ. ನನ್ ಕೆಲ್ಸಾನೂ ಹೋಗುತ್ತೆ, ನಿಮ್ದೂ ಹೋಗುತ್ತೆ."

"ಹೋಗ್ಲಿ. ಬಳಿಯೋದೇ ಆದ್ರೆ ನನ್ನೂ ಸೇರಿಸಿ ಬಳಿ. ಸೂರು ಸೋರಿ ಮಕ್ಳು ತಟ್ಟೆ ಮೇಲೆ ಕೊಡೆ ಹಿಡ್ಕೊಂಡು ಉಣ್ತಾವೆ. ಅದನ್ನ ಮುಚ್ಚೋಕಾ ನೀನು ಇಷ್ಟು ಚೆಂದಾಗಿ ಬರೆಯೋದು ಕಲ್ತಿದ್ದು?"

ಹಳೆಯದಕ್ಕೆ ಸುಣ್ಣ ಬಳಿಯದೆ, ಹೊಸ ಪಟ್ಟಿಯನ್ನು ಪಕ್ಕದ ಗೋಡೆಗೆ ಬರೆದೆ. ಓದಿದವರು ಎರಡೂ ಗೋಡೆ ನೋಡಿ ಗುಸುಗುಸು ಶುರು ಮಾಡಿದರು. ಮೆಂಬರು ಬಂದು ಕೂಗಾಡಿ, ನನಗೆ ಇನ್ನು ಮೇಲೆ ಈ ಕಡೆ ಬರಬೇಡ ಎಂದರು.

ಹೊರಡುವ ಮುಂಚೆ ಅಂಗನವಾಡಿಯ ಆ ಸಾಲು ಮಾಸಿದ್ದು ಕಂಡಿತು. ಮೆಂಬರರ ಮುಂದೆಯೇ ಕೆಂಪು ಬಣ್ಣದಲ್ಲಿ ಮತ್ತೆ ತಿದ್ದಿದೆ. ಅದಕ್ಕೆ ನಾನು ಕೂಲಿ ಕೇಳಲಿಲ್ಲ.